ಮರ ಹತ್ತುವ ಸ್ಪರ್ಧೆ: ಕೈಗರಗಸ ಎಲ್ಲಿ ಕಟ್ಟಬೇಕು, ಯಾವಾಗ ತೆಗೀಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ಚಿಕ್ಕಮಗಳೂರು: ಮರ ಹತ್ತೋದಕ್ಕೂ ಒಂದು ವರ್ಲ್ಡ್ ಚಾಂಪಿಯನ್‌ಶಿಪ್ ಇದೆ ಅಂದ್ರೆ ನಮ್ಮ ಕಾಫಿ ತೋಟದಲ್ಲಿ ಮರಗಸಿ ಮಾಡೋರು ನಕ್ಕಾರು. ಆದರೆ ಇದೆ. ಮರ ಹತ್ತಿ ಕೊಂಬೆ ಕಡಿಯೋದನ್ನೇ ಕಸುಬು ಮಾಡಿಕೊಂಡ ಜನ ಬೇರೆ ಬೇರೆ ದೇಶಗಳಿಂದ ಬಂದು ಇದರಲ್ಲಿ ಸ್ಪರ್ಧಿಸ್ತಾರೆ. ಇಂಗ್ಲಿಷ್‌ನಲ್ಲಿ ಅವರಿಗೆ ಆರ್ಬರಿಸ್ಟ್ ಅಂತಾರೆ. ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬರಿಕಲ್ಚರ್, ಅಂದ್ರೆ ಐಎಸ್‌ಎ ಅನ್ನೋ ಸಂಸ್ಥೆ ಈ ಸ್ಪರ್ಧೆ ನಡೆಸ್ತದೆ. ಮೊದಲ ಸ್ಪರ್ಧೆ ನಡೆದಿದ್ದು 1976ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಆಗ ಇದಕ್ಕೆ ಜಾಂಬೊರಿ ಅಂತಿದ್ರು. ಆಮೇಲೆ ಮಹಿಳೆಯರ ವಿಭಾಗವೂ ಸೇರಿತು.

ಈ ಸ್ಪರ್ಧೆಯ ವಿಡಿಯೋ ನೋಡಿದವರು ಒಂದು ವಿಷಯ ಗಮನಿಸಿರಬಹುದು. ಸ್ಪರ್ಧಿಯ ಕಾಲಿಗೆ, ಮೊಣಕಾಲಿನ ಕೆಳಗೆ, ಉದ್ದದ ಒಂದು ಒರೆ ಕಟ್ಟಿರ್ತದೆ. ಅದರೊಳಗೆ ಕೈಗರಗಸ. ಸಣ್ಣ ವಿಷಯ ಅನಿಸ್ತದೆ. ಆದರೆ ಆ ಗರಗಸ ಎಲ್ಲಿರಬೇಕು, ಯಾವಾಗ ಹೊರಗೆ ಬರಬೇಕು, ಯಾವಾಗ ಒಳಗೆ ಹೋಗಬೇಕು ಅನ್ನೋದರ ಮೇಲೆ ಅಂಕ ಮಾತ್ರ ಅಲ್ಲ, ಜೀವವೇ ನಿಂತಿರ್ತದೆ. ಮರಗಸಿ ಮಾಡುವಾಗ ಮರದಿಂದ ಬಿದ್ದ ಸುದ್ದಿ ನಮ್ಮ ಕಡೆ ಹೊಸದೇನಲ್ಲ. ಹಾಗಾಗಿ ಸ್ಪರ್ಧೆಯವರು ಇದನ್ನ ಹೇಗೆ ಮಾಡ್ತಾರೆ ಅಂತ ನಮ್ಮವರೂ ತಿಳ್ಕೊಂಡಿರೋದು ಒಳ್ಳೇದು.

ಗರಗಸ ಬೇಕಾಗೋದು ಯಾವ ಸುತ್ತಿನಲ್ಲಿ?

ಸ್ಪರ್ಧೆಯಲ್ಲಿ ಹಲವು ವಿಭಾಗ ಇವೆ. ಕೊಂಬೆಯ ಕವಲಿಗೆ ಗುರಿ ಇಟ್ಟು ತೂಕದ ದಾರ ಎಸೆಯೋದು ಒಂದು. ಹಗ್ಗದ ಮೇಲೆ ಬೇಗ ಏರೋದು ಇನ್ನೊಂದು. ಮರದ ಮೇಲೆ ಗಾಯಗೊಂಡು ಸಿಕ್ಕಿಹಾಕಿಕೊಂಡವನನ್ನ ಇಳಿಸೋದು ಮತ್ತೊಂದು, ಅಲ್ಲಿ ಮನುಷ್ಯನ ಬದಲು ಡಮ್ಮಿ ಇರ್ತದೆ. ಇವುಗಳಲ್ಲಿ ಕೈಗರಗಸಕ್ಕೆ ಕೆಲಸ ಇಲ್ಲ. ಸುಮ್ಮನೆ ಕಾಲಿಗೆ ಕಟ್ಟಿಕೊಂಡು ಹೋದ್ರೆ ಅದು ಭಾರ, ಅಡ್ಡಿ. ಅದರಲ್ಲೂ ರಕ್ಷಣೆಯ ಸುತ್ತಿನಲ್ಲಿ ಗಾಯಾಳು ಪಕ್ಕ, ಅವನ ಹಗ್ಗದ ಪಕ್ಕ ಹಲ್ಲಿನ ಅಲಗು ಒಯ್ಯೋದು ಜಾಣತನ ಅಲ್ಲ.

ಗರಗಸ ಬೇಕಾಗೋದು ವರ್ಕ್ ಕ್ಲೈಂಬ್ ಅನ್ನೋ ಸುತ್ತಿನಲ್ಲಿ, ಆಮೇಲೆ ಫೈನಲ್‌ನಲ್ಲಿ. ವರ್ಕ್ ಕ್ಲೈಂಬ್ ಅಂದ್ರೆ ದಿನನಿತ್ಯದ ಕೆಲಸದ ನಕಲು. ಸ್ಪರ್ಧಿ ಮರದ ಮೇಲ್ಭಾಗದಿಂದ ಶುರು ಮಾಡಿ ಬೇರೆ ಬೇರೆ ಕೊಂಬೆಗಳಲ್ಲಿರುವ ನಿಲ್ದಾಣಗಳಿಗೆ ಹೋಗಬೇಕು. ಒಂದು ಕಡೆ ಕೈಗರಗಸದಿಂದ ಗಂಟೆ ಬಾರಿಸಬೇಕು. ಇನ್ನೊಂದು ಕಡೆ ಉದ್ದ ಕೋಲಿನ ಗರಗಸದಿಂದ ಗಂಟೆ ಬಾರಿಸಬೇಕು (ನಮ್ಮ ಅಡಿಕೆ ದೋಟಿ ತುದಿಗೆ ಗರಗಸ ಕಟ್ಟಿದ ಹಾಗೆ ಅಂದ್ಕೊಳ್ಳಿ). ಕೆಳಗೆ ಇರೋರಿಗೆ ಕೂಗಿ ಎಚ್ಚರಿಸಿ ಕಟ್ಟಿಗೆ ತುಂಡನ್ನ ಗುರಿಗೆ ಎಸೆಯಬೇಕು. ತೆಳು ಕೊಂಬೆ ಮೇಲೆ ತುದಿ ತನಕ ನಡೆದು ವಾಪಸ್ ಬರಬೇಕು. ಕೊನೆಗೆ ನೆಲದ ಮೇಲೆ ಹಾಕಿರೋ ಗುರುತಿನೊಳಗೆ ಮೆತ್ತಗೆ ಇಳೀಬೇಕು. ಸಮಯಕ್ಕೂ ಅಂಕ, ರೀತಿಗೂ ಅಂಕ.

ಅಂದ್ರೆ ನಿಜವಾಗಿ ಕೊಂಬೆ ಕೊಯ್ಯೋದಿಲ್ಲ, ಗಂಟೆ ಮುಟ್ಟಿಸಿದರೆ ಸಾಕು. ಹಾಗಿದ್ರೆ ಇಷ್ಟೆಲ್ಲ ಯಾಕೆ? ಕಾರಣ ಇಷ್ಟೆ: ಗಂಟೆ ಬಾರಿಸುವ ಹೊತ್ತಿಗೆ ಹಲ್ಲಿರುವ ಅಲಗು ಬಯಲಿಗೆ ಬಂದಿರ್ತದೆ, ಮತ್ತು ಆ ಅಲಗಿನಿಂದ ಒಂದೆರಡು ಅಡಿ ದೂರದಲ್ಲೇ ಅವನನ್ನ ಹಿಡಿದಿರೋ ಹಗ್ಗ ಇರ್ತದೆ.

ಹಗ್ಗಕ್ಕೂ ಗರಗಸಕ್ಕೂ ಏನು ಸಂಬಂಧ?

ಅಮೆರಿಕದಲ್ಲಿ ಮರ ಹತ್ತಲು ಬಳಸೋ ಹಗ್ಗಕ್ಕೆ ಕನಿಷ್ಠ 5,400 ಪೌಂಡ್, ಅಂದ್ರೆ ಸುಮಾರು 2,400 ಕೆ.ಜಿ. ತಡೆಯುವ ಬಲ ಇರಬೇಕು ಅಂತ ಮಾನದಂಡ ಇದೆ. ದಪ್ಪ ಹೆಚ್ಚುಕಡಿಮೆ ಹೆಬ್ಬೆರಳಿಗಿಂತ ಸಣ್ಣದು, 11ರಿಂದ 13 ಮಿ.ಮೀ. ಒಂದು ಜೀಪಿಗಿಂತ ಹೆಚ್ಚು ಭಾರ ಎತ್ತುವ ಹಗ್ಗ ಅದು. ಅಷ್ಟು ಗಟ್ಟಿ ಇದ್ರೂ, ಮನುಷ್ಯನ ಭಾರಕ್ಕೆ ಬಿಗಿಯಾಗಿ ನಿಂತ ಹಗ್ಗಕ್ಕೆ ಹರಿತವಾದ ಗರಗಸ ತಾಗಿದರೆ ಕೆಲಸ ಮುಗೀತು. ಸಡಿಲ ಬಿದ್ದ ಹಗ್ಗವನ್ನ ಕೊಯ್ಯೋದು ಕಷ್ಟ, ಅದು ಅಲಗಿನ ಜೊತೆ ಅಲ್ಲಾಡ್ತದೆ. ಬಿಗಿದ ಹಗ್ಗ ಹಾಗಲ್ಲ. ಒಂದೊಂದು ಎಳೆ ಕಡಿದಾಗಲೂ ಉಳಿದ ಎಳೆ ಮೇಲೆ ಭಾರ ಹೆಚ್ಚಾಗ್ತಾ ಹೋಗ್ತದೆ, ತಾನಾಗೇ ಬಿಚ್ಚಿಕೊಳ್ತದೆ. ಎಳೆದು ಕಟ್ಟಿದ ಬಟ್ಟೆ ಹಗ್ಗಕ್ಕೆ ಕುಡುಗೋಲು ತಾಗಿಸಿ ನೋಡಿದವರಿಗೆ ಇದು ಹೊಸದಾಗಿ ಹೇಳಬೇಕಿಲ್ಲ.

ಅದಕ್ಕೇ ಕೈಗರಗಸದ ನಿಲ್ದಾಣದಲ್ಲಿ ಒಂದು ಕಡ್ಡಾಯ ಇದೆ. ಗರಗಸ ಬಳಸೋಕೆ ಮೊದಲು ಸ್ಪರ್ಧಿ ತನ್ನ ಲ್ಯಾನ್ಯಾರ್ಡ್ ಅನ್ನ ಮರಕ್ಕೆ ಸುತ್ತಿ ಹಾಕಬೇಕು. ಲ್ಯಾನ್ಯಾರ್ಡ್ ಅಂದ್ರೆ ಸೊಂಟದ ಹಾರ್ನೆಸ್‌ನ ಎರಡು ಬದಿಗೆ ಸಿಕ್ಕಿಸೋ ಗಿಡ್ಡ ಹಗ್ಗ. ಮುಖ್ಯ ಹಗ್ಗ ಒಂದು ಆಧಾರ, ಇದು ಎರಡನೇ ಆಧಾರ. ಒಂದು ಹೋದ್ರೆ ಇನ್ನೊಂದು ಇರ್ತದೆ. ಹಲವರು ಇದಕ್ಕೆ ಒಳಗೆ ಸ್ಟೀಲ್ ತಂತಿ ಇರುವ ಲ್ಯಾನ್ಯಾರ್ಡ್ ಬಳಸ್ತಾರೆ, ಕೈಗರಗಸಕ್ಕೆ ಅದು ಅಷ್ಟು ಬೇಗ ಜಗ್ಗೋದಿಲ್ಲ. ಆದರೆ ಅದನ್ನ ನೋಡಿ ಯಾರಾದ್ರೂ ನಮ್ಮ ತೋಟಕ್ಕೆ ತಂದ್ರೆ ಒಂದು ಮಾತು ನೆನಪಿರಲಿ: ಒಳಗೆ ಲೋಹ ಇರೋದ್ರಿಂದ ಕರೆಂಟ್ ಲೈನ್ ಪಕ್ಕದ ಮರಕ್ಕೆ ಅದು ಆಗದು.

ಕ್ರಮ ಹೀಗೆ

ಈ ಲೇಖನದಲ್ಲಿ ನೆನಪಿಟ್ಟುಕೊಳ್ಳಲೇಬೇಕಾದ ಭಾಗ ಇದು. ನಿಲ್ದಾಣಕ್ಕೆ ಬಂದು ನಿಲ್ಲೋದು. ಲ್ಯಾನ್ಯಾರ್ಡ್ ಹಾಕೋದು. ಕೊಕ್ಕೆ ಸರಿಯಾಗಿ ಮುಚ್ಚಿದೆಯಾ ಅಂತ ಕಣ್ಣಲ್ಲಿ ನೋಡೋದು, ಮೈಭಾರ ಅದಕ್ಕೆ ಕೊಟ್ಟು ನೋಡೋದು. ಆಮೇಲೆ ಗರಗಸ ಹೊರಗೆ. ಗಂಟೆ. ಗರಗಸ ಒಳಗೆ. ಒರೆಯ ಕೊನೆ ತನಕ ಹೋಗಿದೆ ಅಂತ ಖಾತ್ರಿ ಮಾಡ್ಕೊಳ್ಳೋದು. ಅದಾದ ಮೇಲಷ್ಟೇ ಲ್ಯಾನ್ಯಾರ್ಡ್ ಬಿಚ್ಚೋದು.

ತಪ್ಪು ಆಗೋದು ಕೊನೆಯ ಎರಡು ಹೆಜ್ಜೆಯಲ್ಲಿ. ಗಂಟೆ ಬಾರಿಸಿದ ಕೂಡಲೇ ಮನಸ್ಸು ಮುಂದಿನ ನಿಲ್ದಾಣಕ್ಕೆ ಓಡ್ತದೆ. ಒಂದು ಕೈಯಲ್ಲಿ ಗರಗಸ ಹಿಡಿದೇ ಇನ್ನೊಂದು ಕೈಯಲ್ಲಿ ಲ್ಯಾನ್ಯಾರ್ಡ್ ಕೊಕ್ಕೆ ಒತ್ತೋಕೆ ಹೋಗ್ತಾರೆ. ಎರಡು ಸೆಕೆಂಡ್ ಉಳಿಸೋ ಆಸೆ. ಆ ಗಳಿಗೆಯಲ್ಲಿ ಆಧಾರ ಒಂದೇ ಉಳಿದಿರ್ತದೆ, ಅಲಗು ಇನ್ನೂ ಬಯಲಲ್ಲಿರ್ತದೆ. ತೀರ್ಪುಗಾರರ ಕಣ್ಣು ಕೂಡ ಅಲ್ಲೇ ಇರ್ತದೆ. ಅಸುರಕ್ಷಿತ ಅನಿಸಿದ ಕೆಲಸಕ್ಕೆ ಅಂಕ ಕಡಿತ, ಗಂಭೀರವಾಗಿದ್ರೆ ಆ ಸುತ್ತಿನಿಂದಲೇ ಹೊರಗೆ ಕಳಿಸೋ ಅಧಿಕಾರ ಅವರಿಗಿದೆ. ನಿಯಮಪುಸ್ತಕ ಆಗಾಗ ಪರಿಷ್ಕರಣೆ ಆಗ್ತಿರ್ತದೆ, ಹಾಗಾಗಿ ಯಾವ ತಪ್ಪಿಗೆ ಎಷ್ಟು ಕಡಿತ ಅನ್ನೋದನ್ನ ಆಯಾ ವರ್ಷದ ಪುಸ್ತಕದಲ್ಲೇ ನೋಡ್ಬೇಕು.

ಕಾಲಿಗೋ, ಸೊಂಟಕ್ಕೋ?

ಇದರ ಬಗ್ಗೆ ಮರ ಹತ್ತುವವರಲ್ಲೇ ಎರಡು ಪಕ್ಷ.

ಹೆಚ್ಚಿನ ಸ್ಪರ್ಧಿಗಳು ಕಾಲಿಗೆ ಕಟ್ತಾರೆ. ಮೊಣಕಾಲಿನ ಕೆಳಗೆ ಒಂದು ಪಟ್ಟಿ, ಗಿಣ್ಣಿನ ಮೇಲೆ ಒಂದು ಪಟ್ಟಿ, ಮೀನಖಂಡದ ಹೊರಬದಿಗೆ ಒರೆ. ಹಾರ್ನೆಸ್‌ನಲ್ಲಿ ಕೂತಂತೆ ನೇತಾಡುವಾಗ ಮೊಣಕಾಲು ಮೇಲೆ ಬರ್ತದೆ, ಆಗ ಹಿಡಿ ಸೀದಾ ಕೈಗೆ ಸಿಗ್ತದೆ. ಸೊಂಟದ ಸುತ್ತ ಹಗ್ಗ, ಕೊಕ್ಕೆ, ಲ್ಯಾನ್ಯಾರ್ಡ್ ಎಲ್ಲ ತುಂಬಿರೋದ್ರಿಂದ ಗರಗಸ ಅಲ್ಲಿಂದ ದೂರ ಇದ್ದಷ್ಟೂ ಒಳ್ಳೇದು ಅನ್ನೋದು ಇವರ ವಾದ. ನನಗೂ ಈ ವಾದವೇ ಸರಿ ಅನಿಸ್ತದೆ.

ಆದರೆ ಕಾಲಿನಲ್ಲೂ ತಾಪತ್ರಯ ಇದೆ. ಈಗಿನವರು ಹಗ್ಗ ಏರೋದು ಮೆಟ್ಟಿಲು ಹತ್ತಿದ ಹಾಗೆ, ಒಂದು ಪಾದಕ್ಕೆ ಹಗ್ಗ ಕಚ್ಚುವ ಸಾಧನ, ಇನ್ನೊಂದು ಮೊಣಕಾಲಿಗೆ ಎಳೆಪಟ್ಟಿ ಇರೋ ಸಾಧನ. ಮೊಣಕಾಲಿನ ಪಟ್ಟಿ ಇರೋ ಕಾಲಿಗೇ ಗರಗಸವನ್ನೂ ಕಟ್ಟಿದ್ರೆ ಎರಡೂ ಒಂದಕ್ಕೊಂದು ಸಿಕ್ಕಿಕೊಳ್ತವೆ. ಪಾದದ ಸಾಧನ ಇರೋ ಕಾಲಿಗೆ ಕಟ್ಟಿದ್ರೆ ಹಗ್ಗ ಅದೇ ಕಾಲಿನ ಪಕ್ಕದಲ್ಲೇ ಓಡ್ತಿರ್ತದೆ. ಹಾಗಾಗಿ ಒರೆ ಹಗ್ಗ ಓಡದ ಬದಿಗೆ, ಅಂದ್ರೆ ಕಾಲಿನ ಹೊರಬದಿಗೇ ಬರಬೇಕು. ಒಳಬದಿಗೆ ಯಾವತ್ತೂ ಬೇಡ, ಎರಡೂ ಕಾಲು ಸೇರಿಸಿ ಹಗ್ಗ ಹಿಡಿಯುವಾಗ ಒರೆ ನಡುವೆ ಬರ್ತದೆ.

ಉದ್ದವೂ ನೋಡ್ಬೇಕು. 300 ಅಥವಾ 330 ಮಿ.ಮೀ. ಅಲಗಿನ ಗರಗಸ ಸಾಧಾರಣ ಎತ್ತರದ ಮನುಷ್ಯನ ಮೊಣಕಾಲಿಗೂ ಗಿಣ್ಣಿಗೂ ನಡುವೆ ಕೂತ್ಕೊಳ್ತದೆ. 390 ಮಿ.ಮೀ. ಅಥವಾ ಅದಕ್ಕಿಂತ ಉದ್ದದ್ದು ತಂದ್ರೆ ಒಂದೋ ಹಿಡಿ ಮೊಣಕಾಲು ಮಡಚಲು ಬಿಡೋದಿಲ್ಲ, ಇಲ್ಲಾ ತುದಿ ಪಾದದ ಹತ್ತಿರ ಹೋಗಿ ಇಳಿಯುವಾಗ ನೆಲಕ್ಕೆ ಕುಟ್ಟುತ್ತದೆ. ಗಂಟೆ ಬಾರಿಸೋಕೆ ಉದ್ದ ಇದ್ರೆ ಅನುಕೂಲ ಅಂತ ಕೆಲವರು ದೊಡ್ಡದು ಹಿಡ್ಕೊಂಡು ಬರ್ತಾರೆ, ಆದ್ರೆ ತೆಳು ಕೊಂಬೆ ಮೇಲೆ ನಡೆಯುವಾಗ ಅದೇ ಒರೆ ಚಿಕ್ಕ ರೆಂಬೆಗಳಿಗೆ ಸಿಕ್ಕಿ ಕಾಲು ಎಳೀತದೆ.

ಸೊಂಟಕ್ಕೆ ಹಾಕೋರು ಒರೆಯನ್ನ ಹಾರ್ನೆಸ್‌ನ ಹಿಂಬದಿಯ ಕುಣಿಕೆಗೆ ನೇತುಹಾಕ್ತಾರೆ. ಕಾಲು ಪೂರ್ತಿ ಖಾಲಿ, ಹತ್ತೋಕೆ ಆರಾಮ. ಆದರೆ ನೇತಾಡೋ ಒರೆ ತೂಗ್ತದೆ, ತಿರುಗ್ತದೆ. ಬೆನ್ನ ಹಿಂದೆ ಇರೋದ್ರಿಂದ ಗರಗಸ ವಾಪಸ್ ಹಾಕುವಾಗ ಬಾಯಿ ಕಾಣೋದಿಲ್ಲ, ಕೈಅಂದಾಜಲ್ಲಿ ತುರುಕಬೇಕು. ಅಲ್ಲೇ ಅಪಾಯ. ತುದಿ ಒರೆಯ ಬಾಯಿ ತಪ್ಪಿದ್ರೆ ಹೋಗೋದು ತೊಡೆಗೆ, ಇಲ್ಲಾ ಲ್ಯಾನ್ಯಾರ್ಡ್‌ಗೆ. ಕೊಡವರ ಒಡಿಕತ್ತಿ ಬೆನ್ನಿಗೆ ತೊಡಂಗ್‌ನಲ್ಲಿ ಒರೆ ಇಲ್ಲದೆಯೇ ನಿಲ್ತದೆ, ನೋಡೋಕೆ ಎಷ್ಟು ಚಂದ. ಆದ್ರೆ ಅದು ನೆಲದ ಮೇಲೆ ನಿಂತ ಮನುಷ್ಯನಿಗೆ ಮಾಡಿದ ಏರ್ಪಾಡು, ಸುತ್ತ ಹಗ್ಗ ಇರುವವನಿಗೆ ಅಲ್ಲ.

ಎಡಗೈಯವರು ಎಡಗಾಲಿಗೆ ಕಟ್ಟಲಿ. ಬಲಗೈಯವರಿಗೆ ಬಲಗಾಲು. ಅಡ್ಡಕೈ ಚಾಚಿ ತೆಗೆಯುವಂತೆ ಕಟ್ಟಿದ್ರೆ ಅಲಗು ಮೈ ಮುಂದಿನ ಹಗ್ಗ ದಾಟಿ ಬರಬೇಕಾಗ್ತದೆ.

ಒರೆಯಲ್ಲಿ ನಿಲ್ಲೋದು ಹೇಗೆ?

ಜಪಾನಿನ ಸಿಲ್ಕಿ ಕಂಪನಿಯ ಜುಬಾಟ್, ಸುಗೋಯ್ ಥರದ ಬಾಗಿದ ಗರಗಸಗಳು ಈ ಕಸುಬಿನವರಲ್ಲಿ ತುಂಬಾ ಹೆಸರುವಾಸಿ. ಇವು ಎಳೆದಾಗ ಕೊಯ್ಯುವ ಗರಗಸ, ನಮ್ಮ ಬಡಗಿಗಳ ತಳ್ಳು ಗರಗಸದ ಹಾಗಲ್ಲ. ಎಳೆದಾಗ ಕೊಯ್ಯೋದರಿಂದ ಅಲಗು ತೆಳ್ಳಗಿದ್ರೂ ನಡೀತದೆ, ಹಲ್ಲು ವಿಪರೀತ ಹರಿತ. ಕೊಯ್ಯುವಾಗ ಅಲಗು ಬರೋದು ನಮ್ಮ ಮೈ ಕಡೆಗೇ, ಹಾಗಾಗಿ ಕೊಂಬೆ ಹಿಡಿದ ಇನ್ನೊಂದು ಕೈ ಅದರ ದಾರಿಯಲ್ಲಿ ಇರಬಾರದು.

ಇಂಥ ಗರಗಸಗಳ ಜೊತೆ ಗಟ್ಟಿ ಪ್ಲಾಸ್ಟಿಕ್ ಒರೆ ಬರ್ತದೆ, ಬಾಯಿಯ ಹತ್ತಿರ ಅಲಗನ್ನ ಒತ್ತಿ ಹಿಡಿಯೋ ವ್ಯವಸ್ಥೆ ಇರ್ತದೆ. ಹೊಸದರಲ್ಲಿ ಬಿಗಿ. ಬಳಸ್ತಾ ಬಳಸ್ತಾ ಸಡಿಲ. ಕಾಲಿಗೆ ಕಟ್ಟೋ ಪಟ್ಟಿಗಳನ್ನ ಬೇರೆಯಾಗಿ ಕೊಳ್ಳಬೇಕಾಗಬಹುದು.

ಪರೀಕ್ಷೆ ಸುಲಭ. ಗರಗಸ ಒರೆಗೆ ಹಾಕಿ, ತಲೆಕೆಳಗೆ ಹಿಡಿದು ಜೋರಾಗಿ ಕೊಡವಿ. ಜಾರಿದ್ರೆ ಆ ಒರೆಯನ್ನ ನಂಬಿ ಮರ ಹತ್ತಬೇಡಿ. ಮರದ ಮೇಲೆ ಕಾಲು ತಲೆಗಿಂತ ಮೇಲೆ ಹೋಗೋ ಸಂದರ್ಭ ಬಂದೇ ಬರ್ತದೆ, ಹಗ್ಗದಲ್ಲಿ ತೂಗಿ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗುವಾಗ ಸಾಮಾನ್ಯ. ಸಡಿಲ ಆಗಿದ್ರೆ ಹಿಡಿಯ ಮೇಲೆ ಹಾದು ಬರುವ ಒಂದು ಗುಂಡಿಪಟ್ಟಿಯೋ ಎಲಾಸ್ಟಿಕ್ ಕುಣಿಕೆಯೋ ಹಾಕ್ಕೊಳ್ಳಬಹುದು. ಒಂದೇ ಕೈಯಲ್ಲಿ, ಗ್ಲೌಸ್ ಹಾಕಿದ ಬೆರಳಲ್ಲಿ ಬಿಚ್ಚೋಕೆ ಬರಬೇಕು. ವೆಲ್ಕ್ರೋ ಮಾತ್ರ ನಂಬೋದು ಬೇಡ, ಮರದ ಪುಡಿ ತುಂಬಿದ್ರೆ ಅದು ಅಂಟೋದಿಲ್ಲ.

ಮಡಚೋ ಗರಗಸ ಬಳಸಬಾರದಾ ಅಂತ ಕೇಳಬಹುದು. ಒಯ್ಯೋಕೆ ಅದೇ ಸುರಕ್ಷಿತ, ಹಲ್ಲು ಹಿಡಿಯೊಳಗೇ ಮುಚ್ಚಿಕೊಂಡಿರ್ತದೆ. ಆದರೆ ಬಿಚ್ಚೋಕೆ ಮಡಚೋಕೆ ಸಾಧಾರಣವಾಗಿ ಎರಡು ಕೈ ಬೇಕು. ಸ್ಪರ್ಧೆಯಲ್ಲಿ ಸಮಯ ತಿನ್ನುತ್ತೆ. ತೋಟದ ಕೆಲಸಕ್ಕೆ ಆದ್ರೆ ಧಾರಾಳವಾಗಿ ನಡೀತದೆ.

ಗರಗಸಕ್ಕೆ ದಾರ ಕಟ್ಟಬೇಕಾ?

ಕೈಯಿಂದ ಜಾರಿದ್ರೆ ಕೆಳಗೆ ಬೀಳದಿರಲಿ ಅಂತ ಕೆಲವರು ಹಿಡಿಗೆ ಸ್ಪ್ರಿಂಗ್ ಥರದ ದಾರ ಹಾಕಿ ಹಾರ್ನೆಸ್‌ಗೆ ಸಿಕ್ಕಿಸ್ತಾರೆ. ಯಾಕೆ ಅಂತ ಒಂದು ಲೆಕ್ಕ ನೋಡಿ. 12 ಮೀಟರ್, ಅಂದ್ರೆ ಸುಮಾರು 40 ಅಡಿ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟೋಕೆ ತಗೊಳ್ಳೋದು ಒಂದೂವರೆ ಸೆಕೆಂಡ್. ಆ ಹೊತ್ತಿಗೆ ವೇಗ ಗಂಟೆಗೆ ಸುಮಾರು 55 ಕಿ.ಮೀ. ಮೇಲಿಂದ ಕೂಗಿದ್ದು ಕೇಳಿ ಕೆಳಗಿರೋನು ತಲೆ ಎತ್ತುವಷ್ಟರಲ್ಲಿ ಮುಗಿದಿರ್ತದೆ. ಸ್ಪರ್ಧೆಯಲ್ಲಿ ಉಪಕರಣ ಕೆಳಗೆ ಬೀಳಿಸೋದಕ್ಕೆ ದಂಡ ಇರೋದು ಇದಕ್ಕೇ, ಮರದಡಿ ತೀರ್ಪುಗಾರರೂ ಸಹಾಯಕರೂ ಹೆಲ್ಮೆಟ್ ಹಾಕೋದೂ ಇದಕ್ಕೇ.

ಇಷ್ಟಾದ್ರೂ ದಾರ ಕಟ್ಟೋದೇ ಸರಿ ಅಂತ ಹೇಳಿಬಿಡೋಕೆ ಆಗೋದಿಲ್ಲ. ಕೈ ತಪ್ಪಿದ ಗರಗಸ ದಾರದಲ್ಲಿ ನೇತಾಡ್ತಾ ತೂಗಿ ಬಂದು ಕಾಲಿಗೋ ಹಗ್ಗಕ್ಕೋ ತಾಗಬಹುದು. ಕೊಯ್ದ ಕೊಂಬೆ ಬೀಳುವಾಗ ಅದರ ಸೀಳಿನಲ್ಲಿ ಗರಗಸ ಸಿಕ್ಕಿಕೊಂಡ್ರೆ ದಾರದ ಜೊತೆ ಮನುಷ್ಯನನ್ನೂ ಎಳೀತದೆ. ಹಾಗಾಗಿ ದಾರ ಹಾಕೋದಾದ್ರೆ ಗಿಡ್ಡ ಇರಬೇಕು, ಜೋರಾಗಿ ಎಳೆದ್ರೆ ತಾನಾಗೇ ಬಿಟ್ಟುಕೊಳ್ಳುವಂತೆ ಇರಬೇಕು. ಸ್ಪರ್ಧೆಯಲ್ಲಿ ಕೊಂಬೆ ಬೀಳೋ ಪ್ರಶ್ನೆ ಇಲ್ಲದ ಕಾರಣ ಅಲ್ಲಿ ದಾರದಿಂದ ಲಾಭವೇ ಹೆಚ್ಚು ಅನಿಸ್ತದೆ. ತೋಟದಲ್ಲಿ ದಪ್ಪ ಕೊಂಬೆ ಕೆಲಸಕ್ಕೆ ಯೋಚಿಸಿ ಹಾಕಬೇಕು.

ನಮ್ಮ ಮರಗಸಿಗೆ ಇದರಿಂದ ಏನು?

ಇಲ್ಲಿ ಯಾರೂ ಗಂಟೆ ಕಟ್ಟಿಲ್ಲ, ಅಂಕ ಕೊಡೋರೂ ಇಲ್ಲ. ಸಿಲ್ವರ್ ಓಕ್ ನೆಟ್ಟಗೆ ಎತ್ತರ ಬೆಳೀತದೆ, ಮೈಗೆ ಮೆಣಸಿನ ಬಳ್ಳಿ ಹಬ್ಬಿರ್ತದೆ, ಮಳೆ ಶುರುವಾಗಿದ್ರೆ ಪಾಚಿ ಜಾರ್ತದೆ. ನಮ್ಮವರ ಕೈಯಲ್ಲಿ ಹೆಚ್ಚಾಗಿ ಇರೋದು ಕತ್ತಿ. ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸ್ತಾರೆ, ಇಲ್ಲಾ ಬೆಲ್ಟಿಗೆ ತುರುಕ್ತಾರೆ, ಒರೆ ಅಂತ ಇರೋದೇ ಕಡಿಮೆ. ಬಹಳ ಕಡೆ ಇರೋದು ಒಂದೇ ಹಗ್ಗ, ಅದನ್ನೂ ಸೊಂಟಕ್ಕೆ ಗಂಟು ಹಾಕಿರ್ತಾರೆ. ಬೀಸುವ ಕತ್ತಿಯ ದಾರಿಯಲ್ಲೇ ಆ ಹಗ್ಗ ಇರ್ತದೆ. ಕತ್ತಿಗಿಂತ ಗರಗಸದಲ್ಲಿ ಬೀಸು ಇಲ್ಲ, ಅಲಗು ಎಲ್ಲಿದೆ ಅನ್ನೋದು ಕೈ ಹಿಡಿತದಲ್ಲಿರ್ತದೆ, ಆ ಮಟ್ಟಿಗೆ ಅದು ವಾಸಿ. ಆದ್ರೆ ಒರೆ ಇಲ್ಲದ ಗರಗಸ ಕತ್ತಿಗಿಂತ ಕೆಟ್ಟದ್ದು, ಬರೀ ಉಜ್ಜಿದರೂ ಹಗ್ಗ ಕಿತ್ತುಬರ್ತದೆ.

ದುಬಾರಿ ಸಾಮಾನು ತರಿಸಬೇಕು ಅಂತೇನಿಲ್ಲ. ದಪ್ಪ ಪಿವಿಸಿ ಪೈಪನ್ನ ಬಿಸಿ ಮಾಡಿ ಚಪ್ಪಟೆ ಮಾಡಿ ಒರೆ ಮಾಡಿಕೊಳ್ಳೋರು ಹೊರದೇಶದಲ್ಲೂ ಇದ್ದಾರೆ, ಹಳೇ ಫೈರ್ ಹೋಸ್ ತುಂಡಿನಲ್ಲಿ ಮಾಡೋರೂ ಇದ್ದಾರೆ. ಕೆಳಗಿನ ತುದಿಯಲ್ಲಿ ನೀರು, ಪುಡಿ ಇಳಿಯೋಕೆ ಸಣ್ಣ ತೂತು ಬಿಡಬೇಕು, ಆದ್ರೆ ಅಲಗಿನ ಮೂತಿ ಹೊರಗೆ ಬರುವಷ್ಟು ದೊಡ್ಡದಲ್ಲ. ಎರಡನೇ ಹಗ್ಗ ಮಾತ್ರ ಬೇಕೇ ಬೇಕು, ಅದಕ್ಕೆ ಬದಲಿ ಇಲ್ಲ. ಕೂಲಿ ಜೊತೆ ಹಗ್ಗ, ಹಾರ್ನೆಸ್ ಕೊಡೋದು ತೋಟದ ಮಾಲೀಕರ ಜವಾಬ್ದಾರಿ, ಹತ್ತೋನ ತಲೆಗೆ ಕಟ್ಟೋದಲ್ಲ.

ಹತ್ತೋಕೆ ಮುಂಚೆ

ಸ್ಪರ್ಧೆ ಶುರುವಾಗೋಕೆ ಮೊದಲು ಪ್ರತಿಯೊಬ್ಬರ ಸಾಮಾನನ್ನೂ ತಪಾಸಣೆ ಮಾಡ್ತಾರೆ, ಪಾಸಾಗದ ವಸ್ತು ಮರಕ್ಕೆ ಹೋಗೋ ಹಾಗಿಲ್ಲ. ಅದೇ ಕೆಲಸವನ್ನ ಮನೆಯಲ್ಲೂ ಮಾಡಬಹುದು. ಒರೆಯಲ್ಲಿ ಬಿರುಕು ಇದೆಯಾ, ತುದಿ ಸವೆದು ತೂತಾಗಿದೆಯಾ ನೋಡಿ. ಪಟ್ಟಿಯ ಹೊಲಿಗೆ, ಬಕಲ್ ನೋಡಿ. ಹಿಡಿಗೂ ಅಲಗಿಗೂ ಸೇರಿಸಿರೋ ಬೋಲ್ಟ್ ಸಡಿಲ ಆಗಿರ್ತದೆ, ಬಿಗಿ ಮಾಡಿ. ಪಟ್ಟಿ ಕಟ್ಟಿಕೊಂಡು ಹತ್ತು ಸಲ ಕುಕ್ಕರುಗಾಲಲ್ಲಿ ಕೂತು ಏಳಿ, ಕೆಳಗೆ ಜಾರಿದ್ರೆ ಇನ್ನೊಮ್ಮೆ ಕಟ್ಟಿ. ಹಾಗಂತ ಕಾಲು ಜೋಮು ಹಿಡಿಯುವಷ್ಟು ಬಿಗಿಯೋದೂ ಬೇಡ.

ಸಿಲ್ವರ್ ಓಕ್ ಅಂಟು ಅಲಗಿಗೆ ಹಿಡಿದ್ರೆ ಗರಗಸ ಒರೆಯಲ್ಲೇ ಕಚ್ಚಿಕೊಳ್ತದೆ. ಆಗ ಜೋರಾಗಿ ಎಳೀತಾರೆ, ಒಮ್ಮೆಲೇ ಕಿತ್ತು ಬಂದ ಅಲಗು ಎಲ್ಲಿಗೆ ಹೋಗ್ತದೋ ಹೇಳೋಕಾಗದು. ಕೆಲಸ ಮುಗಿದ ದಿನವೇ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಇಡಿ. ಆ ಬಟ್ಟೆ, ಆ ಎಣ್ಣೆ ಹಗ್ಗದ ಚೀಲದಿಂದ ದೂರ ಇರಲಿ. ಈ ಜಪಾನಿ ಗರಗಸಗಳ ಹಲ್ಲು ವಿಶೇಷವಾಗಿ ಗಟ್ಟಿ ಮಾಡಿದ್ದು, ಸಾಮಾನ್ಯ ಅರದಲ್ಲಿ ಉಜ್ಜಿ ಸಾಣೆ ಹಿಡಿಯೋಕೆ ಬರೋದಿಲ್ಲ. ಮೊಂಡಾದ್ರೆ ಅಲಗು ಬದಲಿಸೋದೇ.

ಜೇಬಿನಲ್ಲಿ ಒಂದು ದಪ್ಪ ಬ್ಯಾಂಡೇಜ್ ಸುರುಳಿ ಇಟ್ಟುಕೊಂಡೇ ಹತ್ತಿ. ಗರಗಸದ ಗಾಯ ಕತ್ತಿಯ ಗಾಯದ ಹಾಗೆ ನೇರ ಇರೋದಿಲ್ಲ, ಮಾಂಸ ಹರಿದಿರ್ತದೆ. ಮೇಲೆ ಇರುವಾಗಲೇ ಗಟ್ಟಿಯಾಗಿ ಒತ್ತಿ ಕಟ್ಟಿಕೊಂಡು, ಗರಗಸ ಒರೆಗೆ ಹಾಕಿ, ಆಮೇಲೆ ಇಳೀಬೇಕು. ಕೆಳಗೆ ಒಬ್ಬರಾದರೂ ಇರಬೇಕು, ಅವರ ಹತ್ತಿರ ಫೋನ್ ಇರಬೇಕು. ತೋಟದ ಒಳಗೆ ನೆಟ್‌ವರ್ಕ್ ಎಲ್ಲಿ ಸಿಗ್ತದೆ ಅನ್ನೋದನ್ನ ಹತ್ತೋಕೆ ಮೊದಲೇ ನೋಡಿಟ್ಟುಕೊಳ್ಳಿ. ಆಂಬುಲೆನ್ಸ್‌ಗೆ 108.